ಬೆನ್ನಿಗಾ, ಎದೆಗಾ?

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನಿಯಂತ್ರಣ ಕೊಠಡಿಯ ಮೂಲೆಯ ಕುರ್ಚಿಯಲ್ಲಿ ನೂಕಕ್ಕ ಆಗಲೇ ಚಪ್ಪಲಿ ಕಳಚಿ, ಕಾಲು ಮಡಚಿ ಕೂತಿದ್ದಾರೆ. ಪಕ್ಕದಲ್ಲಿ ಆರಿಹೋದ ಚಹಾ. ಉಪಗ್ರಹಕ್ಕೆ ಎಲ್ಲಿ, ಎಷ್ಟು ನೂಕು ಕೊಟ್ಟರೆ ಅದರ ದಾರಿ ಹೇಗೆ ಬದಲಾಗುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ಹೇಳುವುದು ಅವರ ಕೆಲಸ. ಹಾಗಾಗಿ ಅಪ್ಪ ಅಮ್ಮ ಇಟ್ಟ ಹೆಸರು ಈಗ ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿದೆ.

ಇವತ್ತಿನ ಲೆಕ್ಕವನ್ನು ಅಕ್ಕ ಮತ್ತೆ ಮತ್ತೆ ಹಾಕಿ ನೋಡಿದ್ದಾರೆ. ಬಿರುಗಾಳಿಯ ಸುಳಿವು ಕೊಡುವ ಹಳೆಯ ಉಪಗ್ರಹಕ್ಕೆ ಯಾವುದೋ ಕಾಲದ ರಾಕೆಟ್ಟಿನ ಚೂರೊಂದು ಎದುರಾಗಲಿದೆ. ಆ ಸುಳಿವನ್ನೇ ನಂಬಿ ಕಡಲಿಗೆ ದೋಣಿ ಇಳಿಸುವವರಲ್ಲಿ ಅಕ್ಕನ ತಮ್ಮನೂ ಒಬ್ಬ. ಉಪಗ್ರಹದ ಇಂಧನ ತಳ ಕಂಡಿದೆ. ಉಳಿದಿರುವುದು ಒಂದು ನೂಕಿಗಷ್ಟೇ ಸಾಕು. ತಪ್ಪಿದರೆ ತಿದ್ದುವ ಮಾತೇ ಇಲ್ಲ.

"ಇಲ್ಲಿ ಉಪಗ್ರಹದ ಬೆನ್ನಿಗೆ ನೂಕಿದ್ರೆ ಅದು ಇಲ್ಲೇ ಮೇಲೇರಲ್ಲ. ಭೂಮಿ ಸುತ್ತಿ ಆ ಕಡೆ ಹೋದ್ಮೇಲೆ ಏರುತ್ತೆ. ನೂಕೋದು ಕ್ಷಣದ ಕೆಲಸ, ಆಮೇಲೆ ಅರ್ಧ ಸುತ್ತು ಕಾಯೋ ಶಿಕ್ಷೆ," ಎಂದು ಅಕ್ಕ ನಗುತ್ತಾರೆ.

ಇಂಧನ ಹೀಗೆ ಬರಿದಾಗಿದ್ದು ಒಂದೇ ಒಂದು ಮಾತಿನಿಂದ. ಹಿಂದೊಮ್ಮೆ ಅಕ್ಕ "ಹಿಂದಕ್ಕೆ" ಎಂದಿದ್ದರು. ಉರಿ ಹಿಂದಕ್ಕೆ ಹೋಗಲಿ, ಉಪಗ್ರಹ ಮುಂದಕ್ಕೆ ಚಿಮ್ಮಲಿ ಎಂಬುದು ಅವರ ಮನಸ್ಸಿನಲ್ಲಿ. ಗುಂಡಿ ಒತ್ತುವ ಎಂಜಿನಿಯರ್ ಉಪಗ್ರಹವನ್ನೇ ಹಿಂದಕ್ಕೆ ತಳ್ಳಿಬಿಟ್ಟರು! ಏರಬೇಕಾದ್ದು ಇಳಿಯಿತು, ಮತ್ತೆ ಎತ್ತಿ ಸರಿಮಾಡುವಷ್ಟರಲ್ಲಿ ಇಂಧನ ನೀರಿನಂತೆ ಖರ್ಚಾಯಿತು. ಪಾಪ, ಅಕ್ಕ ಎಷ್ಟೋ ದಿನ ಆ ಒಂದು ಮಾತನ್ನೇ ನೆನೆದು ಕೊರಗಿದರು. ಆಮೇಲೆ ಈ ಕೊಠಡಿಯಲ್ಲಿ ಹಿಂದೆ ಮುಂದೆ ಎನ್ನುವುದಕ್ಕೇ ಬಹಿಷ್ಕಾರ ಬಿತ್ತು. ವೇಗ ಹೆಚ್ಚಬೇಕೇ, ಬೆನ್ನಿಗೆ ನೂಕು. ತಗ್ಗಬೇಕೇ, ಎದೆಗೆ ನೂಕು.

"ಮಕ್ಕಳಾಟ ಅಂತ ಮೊದಲು ನಕ್ಕಿದ್ದೆ," ಎನ್ನುತ್ತಾರೆ ಎಂಜಿನಿಯರ್. "ಈಗ ಕೇಳ್ದೇ ಇದ್ರೆ ಬೆರಳೇ ಏಳಲ್ಲ."

ನೂಕುವ ಹೊತ್ತು ಬರುತ್ತದೆ. ಎಂಜಿನಿಯರ್ ತಿರುಗಿ ಕೇಳುತ್ತಾರೆ: "ಅಕ್ಕಾ, ಬೆನ್ನಿಗಾ, ಎದೆಗಾ?"

"ಬೆನ್ನಿಗೆ."

"ಬೆನ್ನಿಗೆ," ಎಂದು ಗಟ್ಟಿಯಾಗಿ ಹೇಳಿಯೇ ಒತ್ತುತ್ತಾರೆ.

ಇನ್ನು ಕಾಯುವುದು. ಅಕ್ಕ ಪರದೆಯ ಕಡೆ ನೋಡುವುದೇ ಇಲ್ಲ. ಕಿಟಕಿಯಾಚೆ ಬೀದಿ ಗುಡಿಸುವವರನ್ನು ನೋಡುತ್ತಾ ಕೂರುತ್ತಾರೆ. ಕೊನೆಗೆ ಭೂಮಿಯ ಆ ಮಗ್ಗುಲಿನ ಕೇಂದ್ರದಿಂದ ದನಿ ಬರುತ್ತದೆ. ಉಪಗ್ರಹ ಏರಿದೆ, ಚೂರು ಅದರ ಕೆಳಗೆ ಹಾದುಹೋಗಿದೆ. ಎಲ್ಲರೂ ಎಂಜಿನಿಯರ್ ಬೆನ್ನು ತಟ್ಟುವ ಗಡಿಬಿಡಿಯಲ್ಲಿದ್ದರೆ, ಅಕ್ಕ ಮೇಜಿನಡಿ ಚಪ್ಪಲಿ ಹುಡುಕುತ್ತಿದ್ದಾರೆ.

ಮಧ್ಯಾಹ್ನ ತಮ್ಮನ ಫೋನು. "ಅಕ್ಕಾ, ಗಾಳಿ ಏಳುತ್ತಂತೆ, ಈಗಷ್ಟೇ ಸುದ್ದಿ ಬಂತು. ದೋಣಿ ತಿರುಗಿಸಿದ್ವಿ."

"ಬೇಗ ಬಾರೋ," ಎಂದಷ್ಟೇ ಹೇಳಿ ಅಕ್ಕ ಕಣ್ಣೊರೆಸಿಕೊಳ್ಳುತ್ತಾರೆ.

ಮುಂದಿನ ವರ್ಷ ಅವರಿಗೆ ನಿವೃತ್ತಿ. ಏನಾದರೂ ಆಸೆ ಉಳಿದಿದೆಯೇ?

"ನನ್ನ ಹೆಸರು ಯಾರಿಗೆ ಬೇಕು ಬಿಡಿ! ಈ ಮೂಲೇಲಿ ಯಾರೇ ಕೂತಿರ್ಲಿ, ಗುಂಡಿ ಒತ್ತೋರು ಒಂದ್ಸಲ ತಿರುಗಿ ಕೇಳ್ಲಿ, ಬೆನ್ನಿಗಾ ಎದೆಗಾ ಅಂತ. ಅಷ್ಟು ಕೇಳಿದ್ರೆ ನನ್ನ ತಮ್ಮ ಮನೆಗೆ ಬರ್ತಾನೆ."