ಕಿಟಕಿ ಸೀಟು ಕೇಳುವ ಆಯಾ

ಪೆರೇಸಂದ್ರ ದಾಟಿದರೂ ಮಂಜು ಸರಿದಿಲ್ಲ. ಚಿಕ್ಕಬಳ್ಳಾಪುರದ ಖಾಸಗಿ ಶಾಲೆಯೊಂದರ ವ್ಯಾನು ರಸ್ತೆಬದಿ ನಿಂತಿದೆ. ವ್ಯಾನಿನ ಆಯಾ ಮುನಿಗಂಗಮ್ಮ ಕೆಳಗಿಳಿದು, ಒಂದನೇ ಕ್ಲಾಸಿನ ಧನುಶ್ರೀಯ ಹಣೆಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಬೆನ್ನು ಸವರುತ್ತಿದ್ದಾರೆ. "ಏಂ ಕಾದು ತಲ್ಲಿ, ಏನೂ ಆಗಲ್ಲ, ಎಲ್ಲಾ ಬಂದ್ಬಿಡ್ಲಿ" ಎನ್ನುತ್ತಾರೆ. ವಾಂತಿ ನಿಂತ ಮೇಲೆ ಬಾಯಿ ಮುಕ್ಕಳಿಸಲು ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಒಂದೊಂದೇ ಗುಟುಕು ನೀರು ಕುಡಿಸುತ್ತಾರೆ. ಬೇರೆ ಅಂಗಿ ತೊಡಿಸುತ್ತಾರೆ. ತಮ್ಮ ಸೀರೆ ಒರೆಸಿಕೊಳ್ಳುವುದು ಕೊನೆಗೆ.

ಈ ಮಗುವನ್ನು ಶಾಲೆಯವರು ಕೂರಿಸುವುದು ಎಲ್ಲಿ ಗೊತ್ತೇ? ಕಟ್ಟಕಡೆಯ ಸೀಟಿನಲ್ಲಿ! ಬೇರೆ ಮಕ್ಕಳ ಯೂನಿಫಾರಂ ಕೆಡಬಾರದಂತೆ. ಹಂಪ್ ಬಂದರೆ ದೊಡ್ಡವರ ಕರುಳೇ ಬಾಯಿಗೆ ಬರುವ ಜಾಗ ಅದು. ಕುಲುಕಾಟ ಕಡಿಮೆ ಇರುವುದು, ಗಾಳಿ ಬರುವುದು ಡ್ರೈವರ್ ಹಿಂದಿನ ಕಿಟಕಿ ಸೀಟಿಗೆ. ಅಲ್ಲಿ ಮಿಸ್ ಒಬ್ಬರು ಕೂರುತ್ತಾರೆ, ಪಕ್ಕದಲ್ಲಿ ಅವರ ಬ್ಯಾಗು ಕೂರುತ್ತದೆ. ಬ್ಯಾಗಿಗೇನು ವಾಂತಿ ಬರುತ್ತದೆಯೇ ಸ್ವಾಮಿ?

ಧನುಶ್ರೀಯ ತಾಯಿ ವರಲಕ್ಷ್ಮಿ ಮೊದಲು, ತಿಂದರೆ ತಾನೇ ಕಾರಿಕೊಳ್ಳುವುದು ಎಂದು ಮಗುವನ್ನು ಬರಿಹೊಟ್ಟೆಯಲ್ಲಿ ಕಳಿಸುತ್ತಿದ್ದರಂತೆ. ಒಂದು ದಿನ ಪ್ರಾರ್ಥನೆಯ ಹೊತ್ತಿನಲ್ಲಿ ಮಗು ತಲೆ ಸುತ್ತಿ ಬಿತ್ತು. ಈಗ ಮುನಿಗಂಗಮ್ಮ ಹೇಳಿದಂತೆ ಒಂದು ಇಡ್ಲಿ ತಿನ್ನಿಸುತ್ತಾರೆ. ಆದರೂ ವ್ಯಾನ್ ಕಂಡರೆ ಮಗು ಅಳುತ್ತದೆ, ಸ್ಕೂಲೇ ಬೇಡ ಅನ್ನುತ್ತದೆ. ವಾಂತಿ ನಿಲ್ಲದಿದ್ದರೆ ವ್ಯಾನಿಗೆ ಹತ್ತಿಸಬೇಡಿ ಎಂದು ಶಾಲೆಯವರೂ ಹೇಳಿಬಿಟ್ಟಿದ್ದಾರೆ. ಬೇರೆ ಗಾಡಿ ಇಲ್ಲದ ಮನೆಯವರು ಮಗುವನ್ನು ಹೊತ್ತುಕೊಂಡು ಹೋಗಬೇಕೇ?

ಕಳೆದ ಸೋಮವಾರ ಮುನಿಗಂಗಮ್ಮನಿಗೆ ತಡೆಯಲಾಗಲಿಲ್ಲ. ಬ್ಯಾಗು ಎತ್ತಿ ಕೆಳಗಿಟ್ಟರು, ಸ್ವಲ್ಪ ಜರುಗಿ ಎಂದು ಮಿಸ್‌ಗೆ ಹೇಳಿ ಧನುಶ್ರೀಯನ್ನು ಕಿಟಕಿ ಪಕ್ಕ ಕೂರಿಸಿದರು. ಅವತ್ತು ಮಗು ದ್ರಾಕ್ಷಿ ಚಪ್ಪರಗಳನ್ನು ನೋಡುತ್ತಾ ಶಾಲೆ ತಲುಪಿತು, ವಾಂತಿಯ ಸುಳಿವೇ ಇಲ್ಲ. ಶಹಬ್ಬಾಸ್ ಎನ್ನಬೇಕಿತ್ತಲ್ಲವೇ? ಮಿಸ್ ದೂರು ಕೊಟ್ಟರು. ಆಡಳಿತದವರು ಆಯಾಳನ್ನು ಕರೆಸಿ, ಇನ್ನೊಮ್ಮೆ ಹೀಗೆ ಮಾಡಿದರೆ ಕೆಲಸಕ್ಕೆ ಬರಬೇಡ ಎಂದರು. ಮಗು ಮತ್ತೆ ಹಿಂದಿನ ಸೀಟಿಗೆ ಹೋಯಿತು. ಇವತ್ತಿನ ವಾಂತಿ ಅದರದೇ ಫಲ.

ಈಗ ಮುನಿಗಂಗಮ್ಮ ಮಗುವಿನ ಕೈ ಹಿಡಿದು ವ್ಯಾನ್ ಹತ್ತುತ್ತಾರೆ. ಹಿಂದಕ್ಕೆ ಹೋಗುವುದಿಲ್ಲ. ಮಿಸ್ ಮುಂದೆ ನಿಂತು, ಜರುಗಿ ಎನ್ನುತ್ತಾರೆ. ಕೆಲಸ ಹೋಗುತ್ತೆ ಕಣಮ್ಮ ಎಂದು ಡ್ರೈವರ್ ಚಲಪತಿ ಮೆಲ್ಲಗೆ ಎಚ್ಚರಿಸುತ್ತಾರೆ.

"ಹೋಗ್ಲಿ ಬಿಡಪ್ಪ. ನಾನು ಇನ್ನೊಂದು ಕೆಲ್ಸ ಹುಡುಕ್ಕೊಂತೀನಿ. ಈ ಮಗು ಸ್ಕೂಲು ಬಿಟ್ರೆ ಯಾರು ವಾಪಸ್ ಕರ್ಕೊಂಬರ್ತಾರೆ?"