ಹೆಸರಿಡದ ಕೂಸಿಗೊಂದು ಸ್ಕೀಮಾ

ಕೊಟ್ಟೂರಿನ ಬಸ್ ನಿಲ್ದಾಣದ ಹಿಂದೆ, ಕಾಳಿನ ಅಂಗಡಿಯೊಂದರ ಮಹಡಿಯಲ್ಲಿ ನಮ್ಮ ಆಫೀಸಿತ್ತು. ಎರಡು ಸಾವಿರದ ಇಸವಿ ದಾಟಿ ಕೆಲವೇ ವರ್ಷಗಳಾಗಿದ್ದವು. ನಾವಿದ್ದ ಸಂಸ್ಥೆ ಸುತ್ತಲಿನ ಊರುಗಳಲ್ಲಿ ಸಣ್ಣ ಹೆರಿಗೆ ಆಸ್ಪತ್ರೆಗಳನ್ನು ನಡೆಸುತ್ತಿತ್ತು. ಕೂಡ್ಲಿಗಿಯಲ್ಲಿ ಒಂದು ಬಗೆಯ ಕಂಪ್ಯೂಟರ್ ಪ್ರೋಗ್ರಾಂ, ಹಡಗಲಿಯಲ್ಲಿ ಇನ್ನೊಂದು. ಹಗರಿಬೊಮ್ಮನಹಳ್ಳಿಯಲ್ಲಿ ತೋರಿಸಿಕೊಂಡ ಬಸುರಿ ಹರಪನಹಳ್ಳಿಯ ತವರಿಗೆ ಹೋದರೆ, ಅಲ್ಲಿ ಎಲ್ಲವನ್ನೂ ಮೊದಲಿನಿಂದ ಕೇಳಿ ಬರೆದುಕೊಳ್ಳಬೇಕಿತ್ತು. ಇವುಗಳ ನಡುವೆ ಮಾಹಿತಿ ಓಡಾಡುವಂತೆ ವೆಬ್ ಸರ್ವೀಸ್ ಕಟ್ಟುವ ಕೆಲಸ ನನ್ನದು, ಮತ್ತು ನನಗಿಂತ ಚಿಕ್ಕವಳಾದ ಸಹೋದ್ಯೋಗಿಯದು. ಅವಳು ನನ್ನನ್ನು ಅಕ್ಕಾ ಎನ್ನುತ್ತಿದ್ದಳು.

ಯಾವ ಮಾಹಿತಿ ಯಾವ ರೂಪದಲ್ಲಿರಬೇಕೆಂದು ಎಕ್ಸ್‌ಎಂಎಲ್ ಸ್ಕೀಮಾ ಎಂಬ ನಮೂನೆಯಲ್ಲಿ ಬರೆದುಕೊಟ್ಟರೆ, ಅದನ್ನು ಓದಿ ಕೋಡನ್ನು ಕಂಪ್ಯೂಟರೇ ತಯಾರಿಸುತ್ತಿತ್ತು. ‘ವ್ಯಕ್ತಿ’ ಎಂಬ ಭಾಗವನ್ನು ಅವಳು ಬೇರೆಯೇ ಒಂದು ಫೈಲಿನಲ್ಲಿ ಬರೆದಳು. ತಪಾಸಣೆ, ರಕ್ತಪರೀಕ್ಷೆ, ಹೆರಿಗೆ, ಎಲ್ಲ ಸ್ಕೀಮಾಗಳೂ ಅದನ್ನೇ ಎಳೆದುಕೊಳ್ಳುತ್ತಿದ್ದವು. ಅದರಲ್ಲಿ ಹೆಸರು ಕಡ್ಡಾಯ. ಹೆಸರಿಲ್ಲದ ವರದಿಗಳು ಬಂದು, ಯಾರದೆಂದು ತಿಳಿಯದೆ ಆಸ್ಪತ್ರೆಯವರು ಒದ್ದಾಡಿದ್ದನ್ನು ನೋಡಿಯೇ ಇಬ್ಬರೂ ಹಾಗೆ ನಿಶ್ಚಯಿಸಿದ್ದೆವು.

ಅವಳು ಆಗ ತುಂಬು ಬಸುರಿ. ಚೊಚ್ಚಲ ಹೆರಿಗೆಗೆ ಹರಪನಹಳ್ಳಿಯ ತವರಿಗೆ ಹೋದಳು. ಹೆಣ್ಣುಮಗು ಹುಟ್ಟಿತು, ದಿನ ತುಂಬಿದ್ದರೂ ಉಸಿರಾಟ ಸರಿಯಿರಲಿಲ್ಲ. ಬೆಳಿಗ್ಗೆ ಹುಟ್ಟಿದ್ದು ಸಂಜೆಗೆ ಹೋಯಿತು.

ಸುದ್ದಿ ತಂದಿದ್ದು ಅಲ್ಲಿನ ನಮ್ಮ ಆಸ್ಪತ್ರೆಯ ಗುಮಾಸ್ತನ ಫೋನು. ದಾಖಲೆ ಮುಂದೆ ಹೋಗುತ್ತಿಲ್ಲವೆಂದು ಹೇಳಲು ಅವನು ಕರೆ ಮಾಡಿದ್ದ.

“ಹೆಸರಿಲ್ದೆ ತಗಳ್ತಿಲ್ರಿ ಮೇಡಂ,” ಎಂದ. “ಸುಮ್ನೆ ಪಾಪು ಅಂತ ಹಾಕ್ಲೇನ್ರಿ?”

ಯಾರ ಮಗುವೆಂದು ಕೇಳಿದೆ. ಅವನು ತಾಯಿಯ ಹೆಸರು ಹೇಳಿದ. ಏನೂ ಹಾಕಬೇಡ, ಹಾಗೇ ಇರಲಿ ಎಂದು ಫೋನಿಟ್ಟೆ. ಎದ್ದು ಕಿಟಕಿಯ ಹತ್ತಿರ ಹೋದೆ. ಕೆಳಗೆ ಹಮಾಲರು ಮೆಕ್ಕೆಜೋಳದ ಚೀಲ ಇಳಿಸುತ್ತಿದ್ದರು.

ಬಾಣಂತನ ಮುಗಿಯುವ ಮೊದಲೇ ಅವಳು ಕೆಲಸಕ್ಕೆ ಮರಳಿದಳು. ಮನೆಯಲ್ಲಿ ಕೂತರೆ ಬಂದವರೆಲ್ಲ ಅತ್ತು ತನ್ನನ್ನೂ ಅಳಿಸಿ ಹೋಗುತ್ತಾರೆ ಎಂದಳು. ಕಿವಿಗೆ ಇನ್ನೂ ಹತ್ತಿ ಇಟ್ಟುಕೊಂಡು ಸ್ಕಾರ್ಫ್ ಕಟ್ಟಿಕೊಂಡಿದ್ದಳು. ಚಹಾ ಕುಡಿದು ಲೋಟ ಕೆಳಗಿಟ್ಟ ಮೇಲೆ ಕೇಳಿದಳು.

“ನನ್ನ ಮಗಳ ದಾಖಲೆ ಹೋತೇನಕ್ಕಾ?”

ಇಲ್ಲ ಎಂದೆ. ಯಾಕೆಂದು ಅವಳಿಗೆ ಹೇಳಬೇಕಾಗಿರಲಿಲ್ಲ.

ಹೆಸರನ್ನು ಕಡ್ಡಾಯದಿಂದ ತೆಗೆದುಬಿಡೋಣ ಎಂದೆ. ಅವಳು ಒಪ್ಪಲಿಲ್ಲ. ತೆಗೆದರೆ ರಕ್ತಪರೀಕ್ಷೆಯಲ್ಲೂ ಖಾಲಿ ಬಿಡುತ್ತಾರೆ, ಒಬ್ಬರ ವರದಿ ಇನ್ನೊಬ್ಬರಿಗೆ ಹೋಗುತ್ತದೆ ಎಂದಳು. ನಂತರ ಕೀಬೋರ್ಡ್ ಹತ್ತಿರಕ್ಕೆ ಎಳೆದುಕೊಂಡು ‘ವ್ಯಕ್ತಿ’ಗಿಂತ ಕೆಳಗೆ ಇನ್ನೊಂದು ಬುನಾದಿ ಭಾಗ ಬರೆದಳು: ಹುಟ್ಟಿದ ಹೊತ್ತು, ಗಂಡೋ ಹೆಣ್ಣೋ, ತಾಯಿ ಯಾರು. ಇಷ್ಟೇ. ‘ವ್ಯಕ್ತಿ’ ಅದರ ಮೇಲೆ ನಿಂತು ಹೆಸರನ್ನು ಸೇರಿಸಿಕೊಳ್ಳುತ್ತದೆ; ಆಗಷ್ಟೇ ಹುಟ್ಟಿದ ಕೂಸಿನ ದಾಖಲೆಗೆ ಬುನಾದಿಯೊಂದೇ ಸಾಕು.

“ಹುಟ್ಟಿದವರೆಲ್ಲಾ ಮೊದ್ಲು ಇದ್ರಾಗ ಬರ್ಲಿ,” ಎಂದಳು. “ಹೆಸರು ಆಮ್ಯಾಲಿಂದು.”

ಬುನಾದಿ ಬದಲಾದದ್ದರಿಂದ ಎಲ್ಲ ಊರುಗಳ ಕೋಡನ್ನೂ ಹೊಸದಾಗಿ ತಯಾರಿಸಬೇಕಾಯಿತು. ಕೂಡ್ಲಿಗಿಯ ಹಳೆಯ ಪ್ರೋಗ್ರಾಮಿಗೆ ಒಂದರ ಮೇಲೊಂದು ನಿಂತ ಭಾಗಗಳು ಅರ್ಥವಾಗದೆ ಅದು ಕೆಟ್ಟು ನಿಂತಿತು. ಅದನ್ನು ಕೈಯಾರೆ ತಿದ್ದಿದೆವು. ಹೊಸ ಕೋಡು ಹಾಕಲು ಬಸ್ಸಿನಲ್ಲಿ ಊರೂರು ತಿರುಗಿದೆವು. ಸುಸ್ತಾಗುತ್ತದೆ, ನೀನು ಬರಬೇಡ ಎಂದರೂ ಅವಳು ಕೇಳಲಿಲ್ಲ.

ಹರಪನಹಳ್ಳಿಯಲ್ಲಿ ಮಾತ್ರ ಅವಳು ಒಳಗೆ ಬರಲಿಲ್ಲ. ವರಾಂಡದ ಬೆಂಚಿನ ಮೇಲೆ, ಲಸಿಕೆ ಹಾಕಿಸಲು ಬಂದ ತಾಯಂದಿರ ಪಕ್ಕ ಕೂತಳು. ಗುಮಾಸ್ತ ಕೂಸಿನ ದಾಖಲೆ ಕಳಿಸಿದ; ಅತ್ತ ಕಡೆಯಿಂದ ಸ್ವೀಕರಿಸಲಾಗಿದೆ ಎಂಬ ಉತ್ತರ ಬಂತು. ನಾನು ಹೊರಗೆ ಬಂದು, ದಾಖಲೆ ಹೋಯಿತು ಎಂದೆ. ಅವಳು ತಲೆಯಾಡಿಸಿ ಚಪ್ಪಲಿ ಮೆಟ್ಟಿಕೊಂಡಳು.

ಬಸ್ಸು ಚಿಗಟೇರಿ ದಾಟಿದ ಮೇಲೆ ಅವಳು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡು ಅತ್ತಳು. ಮಗಳಿಗೆ ಒಂದು ಹೆಸರು ಮನಸ್ಸಿನಲ್ಲೇ ಇಟ್ಟುಕೊಂಡಿದ್ದಳಂತೆ, ಗಂಡನಿಗೂ ಹೇಳಿರಲಿಲ್ಲ. ಅದೇನೆಂದು ನಾನು ಕೇಳಲಿಲ್ಲ, ಅವಳ ಕೈ ಹಿಡಿದು ಕೂತೆ.

ಮುಂದಿನ ವರ್ಷ ಗಂಡನಿಗೆ ವರ್ಗವಾಗಿ ಅವಳು ಊರು ಬಿಟ್ಟಳು. ಸ್ವಲ್ಪ ಕಾಲ ಪತ್ರ ಬರೆಯುತ್ತಿದ್ದಳು. ಮತ್ತೆ ಮಕ್ಕಳಾದ ಸುದ್ದಿ ಯಾವುದರಲ್ಲೂ ಇರಲಿಲ್ಲ. ಸಂಸ್ಥೆ ಆ ಆಸ್ಪತ್ರೆಗಳನ್ನು ಒಂದೊಂದಾಗಿ ಮುಚ್ಚಿತು. ಕೊನೆಗೆ ನಮ್ಮ ಮಹಡಿಯ ಕಂಪ್ಯೂಟರುಗಳನ್ನು ಗೋಣಿತಾಟು ಸುತ್ತಿ ಲಾರಿಗೆ ಏರಿಸಿದರು. ನಾನು ಬೀಗ ಹಾಕಿ ಕೀಲಿಯನ್ನು ಕಾಳಿನ ಅಂಗಡಿಯವರಿಗೆ ಕೊಟ್ಟು ಮನೆಗೆ ನಡೆದೆ.