ನಾಲ್ಕನೆಯ ನಿಯಮ

ಪಂಕಜಾಕ್ಷಿ ಮಂಗಳವಾರ ಬೆಳಿಗ್ಗೆ ತೀರಿಕೊಂಡಳು. ಹೃದಯಾಘಾತ. ವಯಸ್ಸು ಐವತ್ತೆರಡು. ಸುದ್ದಿ ಬಂದಾಗ ನಾನು ಏಳನೆಯ ತರಗತಿಗೆ ಭಿನ್ನರಾಶಿ ಹೇಳುತ್ತಿದ್ದೆ. ಹಲಗೆಯ ಮೇಲಿದ್ದ ಲೆಕ್ಕ ಮುಗಿಸಿಯೇ ಹೊರಗೆ ಬಂದೆ. ಯಾಕೆ ಎಂದು ಗೊತ್ತಿಲ್ಲ.

ಪುಣೆಯ ನಮ್ಮ ಪಾಲಿಕೆ ಶಾಲೆಯ ಕನ್ನಡ ವಿಭಾಗದಲ್ಲಿ ಅವಳು ಹನ್ನೆರಡು ವರ್ಷ ಕಂಪ್ಯೂಟರ್ ಕೋಣೆ ನೋಡಿಕೊಂಡಳು. ಅವಳ ತಂದೆ ಉಡುಪಿಯಿಂದ ಬಂದು ಇಲ್ಲಿ ಹೋಟೆಲ್ ಇಟ್ಟವರು. ಹುಟ್ಟಿದ್ದು ಪುಣೆಯಲ್ಲಾದರೂ ಅವಳ ಬಾಯಿಂದ ಕರಾವಳಿಯ ‘ಉಂಟು’ ಹೋಗಲಿಲ್ಲ. ಮಕ್ಕಳು ಹೆಚ್ಚಿನವರು ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು.

ಇಂಟರ್ನೆಟ್ ಬಳಕೆಯ ನಿಯಮಪತ್ರ ನಮಗೆ ಮರಾಠಿಯಲ್ಲಿ ಬರುತ್ತದೆ. ಹನ್ನೊಂದು ನಿಯಮ, ಕೆಳಗೆ ಪಾಲಕರ ಸಹಿ. ಬೇರೆ ಶಾಲೆಗಳಲ್ಲಿ ಅದನ್ನು ಮಕ್ಕಳ ಕೈಯಲ್ಲಿ ಮನೆಗೆ ಕಳಿಸಿ, ಸಹಿಯಾಗಿ ಬಂದದ್ದನ್ನು ಫೈಲಿಗೆ ಹಾಕುತ್ತಾರೆ. ಪಂಕಜಾಕ್ಷಿ ಅದನ್ನು ಕನ್ನಡಕ್ಕೆ ಮಾಡಿಕೊಂಡಿದ್ದಳು. ಶನಿವಾರ ತಂದೆಯನ್ನೋ ತಾಯಿಯನ್ನೋ ಕರೆಸಿ, ಹನ್ನೊಂದನ್ನೂ ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದಳು. ಒಬ್ಬ ತಾಯಿ, “ಅಕ್ಕೋರೆ, ನನ್ನ ಲಗ್ನದಾಗೂ ಇಷ್ಟು ಮಂತ್ರ ಓದಿದ್ದಿಲ್ರಿ,” ಎಂದಿದ್ದಳು.

“ಅಲ್ಲಿ ಓದಿದ್ದು ನಿಮಗೆ ಅರ್ಥ ಆಗಿತ್ತಾ? ಇದು ಆಗ್ತದೆ, ಕೂತ್ಕೊಳ್ಳಿ,” ಎಂದಳು ಇವಳು.

ನಿಯಮ ಮುರಿದವರ ಹೆಸರಿಗೆ ಒಂದು ವಹಿ ಇತ್ತು. ಮುರಿದವರೇ ತಮ್ಮ ಹೆಸರು, ನಿಯಮದ ಸಂಖ್ಯೆ ಬರೆಯಬೇಕು. ಹದಿನೈದು ದಿನ ಇಂಟರ್ನೆಟ್ ಇಲ್ಲ.

ಹೋದ ಬುಧವಾರ ಎಂಟನೆಯ ತರಗತಿಯ ಅಂಬಿಕಾ ಸಾಬಣ್ಣನ ಪತ್ರ ಹಿಡಿದು ಪಂಕಜಾಕ್ಷಿ ಬಹಳ ಹೊತ್ತು ನೋಡಿದಳು. ತಂದೆ ಬರಲಿಲ್ಲವೆಂದು ಪತ್ರವನ್ನು ಮನೆಗೆ ಕಳಿಸಿದ್ದು ಅದೊಂದೇ ಸಲ. ಹೆಬ್ಬೆಟ್ಟಿನ ಗುರುತು ತೀರ ಚಿಕ್ಕದಿತ್ತು.

“ಇದು ಯಾರ ಬೆರಳು?”

“ನಂದೇ ರೀ. ಎಲ್ಲಾರ ಫಾರ್ಮಿನಾಗೂ ಹೆಬ್ಬೆಟ್ಟ ಇತ್ತಲ್ರೀ.” ಅಂಬಿಕಾ ತಲೆ ತಗ್ಗಿಸಿದಳು. “ನಮ್ಮಪ್ಪಗ ಸಹಿ ಬರ್ತದ್ರಿ. ನನಗ ಲಕ್ಷ್ಯಕ್ಕ ಬರ್ಲಿಲ್ಲ.”

ಅಂಬಿಕಾಳ ಖಾತೆ ಅಲ್ಲಿಗೆ ಮುಚ್ಚಿತು. ತಂದೆ ಊರಾಚೆಯ ಖರಾಡಿಯಲ್ಲಿ ಕಟ್ಟಡದ ಕೆಲಸದಲ್ಲಿದ್ದ. ಶನಿವಾರದ ತನಕ ಬರುವಂತಿರಲಿಲ್ಲ. ಆದರೆ ಗುರುವಾರವೇ ವಿದ್ಯಾರ್ಥಿವೇತನ ಪರೀಕ್ಷೆಗೆ ಅರ್ಜಿ ಹಾಕುವ ಕೊನೆಯ ದಿನ. ಆ ದಿನ ಮಧ್ಯಾಹ್ನ ಅಂಬಿಕಾ ಊಟಕ್ಕೂ ಹೋಗದೆ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಪಂಕಜಾಕ್ಷಿ ತನ್ನ ಖಾತೆಯಲ್ಲಿ ಅವಳ ಅರ್ಜಿಯನ್ನು ತಾನೇ ತುಂಬತೊಡಗಿದಳು. ಅರ್ಧಕ್ಕೆ ಸಭೆಗೆ ಕರೆ ಬಂತು. ತನ್ನ ಪಾಸ್‌ವರ್ಡನ್ನು ಆ ಹುಡುಗಿಯ ಅಂಗೈಯಲ್ಲಿ ಬರೆದು ಹೊರಟಳು. ಉಳಿದದ್ದನ್ನು ಅಂಬಿಕಾ ತುಂಬಿದಳು; ಅರ್ಜಿ ಹೋಯಿತು.

ಶನಿವಾರ ಅಂಬಿಕಾಳ ತಂದೆ ಸಾಬಣ್ಣ ಬಂದ. ಪಂಕಜಾಕ್ಷಿ ಓದಿದಳು. ನಾನು ಪಕ್ಕದ ಬೆಂಚಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. “ನಾಲ್ಕು. ಪಾಸ್‌ವರ್ಡ್ ಯಾರಿಗೂ ಹೇಳಬಾರದು,” ಎಂದು ಓದಿ ನಿಲ್ಲಿಸಿದಳು. ತಲೆ ಎತ್ತಿ ನೋಡಿದೆ. ಅಂಬಿಕಾ ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು.

“ಮುಂದ ಓದ್ರಿ, ಕೇಳ್ಲಿಕ್ಕತ್ತೀನಿ,” ಎಂದ ಸಾಬಣ್ಣ.

ಅವಳು ಉಳಿದ ಏಳನ್ನೂ ಓದಿದಳು. ಸಾಬಣ್ಣ ನಿಧಾನವಾಗಿ ಸಹಿ ಮಾಡಿದ. ಹೆಸರು ಪತ್ರದ ಪಕ್ಕದ ಚೌಕಕ್ಕೂ ಹರಡಿತು.

ಸೋಮವಾರ ಸಂಜೆ ಅವಳು ಮುಖ್ಯೋಪಾಧ್ಯಾಯ ಶಿವಪ್ರಕಾಶರಿಗೆ ನಡೆದದ್ದನ್ನೆಲ್ಲ ಹೇಳಿ, ವಹಿಯಲ್ಲಿ ತನ್ನ ಹೆಸರು ಬರೆಯುತ್ತೇನೆಂದಳು. ನಾನೂ ಅಲ್ಲಿದ್ದೆ.

“ಯಾರಿಗೂ ಗೊತ್ತಿಲ್ಲ, ಬಿಡ್ರಿ ಮೇಡಂ,” ಎಂದರು ಅವರು. “ವಹಿ ತಪಾಸಣಿಯವರು ನೋಡ್ತಾರ. ನಿಮ್ಮ ಹೆಸರು ಕಂಡ್ರ ಆ ಕೋಣಿ ನಿಮ್ಮ ಕೈಯಾಗ ಇಡ್ತಾರೇನು?”

“ಆ ಹುಡುಗಿಗೆ ಗೊತ್ತುಂಟಲ್ಲ, ಸರ್.”

“ಆಕಿಗೆ ನಾ ಹೇಳ್ತೀನಿ, ಸುಮ್ಮನಿರು ಅಂತ.”

“ಅದನ್ನೇ ಅವಳಿಗೆ ಹೇಳಬಾರದು ಅಂತ ನಾನು ಹೇಳುವುದು.”

ನಾನೂ ಅವಳಿಗೆ ಬೇಡವೆಂದೆ. ಆ ಕೋಣೆ ಬಿಟ್ಟರೆ ಅವಳಿಗೆ ಬೇರೇನೂ ಇಲ್ಲವೆಂದು ನನಗೆ ಗೊತ್ತಿತ್ತು. “ಹದಿನೈದೇ ದಿನ ಅಲ್ವಾ ಮಾರಾಯ್ತಿ,” ಎಂದಳು.

ಕೋಣೆಗೆ ಹೋಗಿ ವಹಿ ತೆರೆದಳು. ಮಕ್ಕಳ ಹೆಸರುಗಳ ಕೆಳಗೆ ತನ್ನ ಹೆಸರು ಬರೆದಳು, ಮುಂದೆ ನಾಲ್ಕು ಎಂದು ಬರೆದಳು, ತಾರೀಕು ಹಾಕಿದಳು. ತನ್ನ ಖಾತೆ ಮುಚ್ಚಿದಳು. ಕೀಲಿಕೈಯನ್ನು ನನ್ನ ಕೈಗೆ ಕೊಟ್ಟು ಬಸ್ಸಿಗೆ ಹೋದಳು.